ಹಸಿರಾಗಿಯೇ ಬಾಡುವ ಗಿಡ: ದುಂಡಾಣುವಿನ ನಂಜನ್ನು ಪತ್ತೆ ಹಚ್ಚುವ ಕ್ರಮ

ಮಣ್ಣಿನಲ್ಲಿ ತೇವವಿರುತ್ತದೆ, ಎಲೆ ಹಳದಿಯಾಗಿರುವುದಿಲ್ಲ, ಹುಳು ತಿಂದ ಗುರುತೂ ಕಾಣುವುದಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಗಿಡದ ತುದಿ ಜೋತುಬಿದ್ದಿರುತ್ತದೆ. ಸಂಜೆ ತಂಪಾದಾಗ ಅದು ಮತ್ತೆ ನೆಟ್ಟಗಾಗುವುದರಿಂದ ಬಿಸಿಲಿನ ಝಳಕ್ಕೆ ಹೀಗಾಗಿರಬೇಕೆಂದು ಸುಮ್ಮನಾಗುತ್ತೇವೆ. ಎರಡು ಮೂರು ದಿನ ಹೀಗೆ ಬಿದ್ದೆದ್ದ ಗಿಡ ಒಂದು ಬೆಳಿಗ್ಗೆ ಏಳುವುದೇ ಇಲ್ಲ. ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನ ಗಿಡಗಳಲ್ಲಿ ಈ ನಡೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವನ್ನು. ಆದರೆ ಅನುಮಾನವೇ ನಿರ್ಣಯವಲ್ಲ. ಗಿಡ ಬಾಡಲು ಹತ್ತಾರು ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವು ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಹೀಗಾಗಿ ಔಷಧಿ ಸಿಂಪಡಿಸುವುದಕ್ಕೂ ನೀರು ಹೆಚ್ಚಿಸುವುದಕ್ಕೂ ಮೊದಲು ಕಾಂಡವನ್ನು ಕೊಯ್ದು ನೋಡಬೇಕು ಎಂಬುದೇ ಈ ಕೈಪಿಡಿಯ ಮುಖ್ಯ ಮಾತು.

ನಂಜು ಎಂದರೆ ಇಲ್ಲಿ ಏನು

ಪರೀಕ್ಷೆಗಳಿಗೆ ಹೋಗುವ ಮೊದಲು ದೋಷದ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ‘ನಂಜು’ ಎಂಬ ಪದವೇ ಹಲವರ ದಾರಿ ತಪ್ಪಿಸುತ್ತದೆ. ನಂಜು ಎಂದೊಡನೆ ಜೀವಕೋಶವನ್ನು ನೇರವಾಗಿ ಕೊಲ್ಲುವ ರಾಸಾಯನಿಕವೊಂದು ಕಣ್ಣ ಮುಂದೆ ಬರುತ್ತದೆ. ಸಸ್ಯಗಳಿಗೆ ತಗಲುವ ದುಂಡಾಣುಗಳಲ್ಲಿ ಅಂಥ ವಿಷ ತಯಾರಿಸುವವೂ ಇವೆ. ಸ್ಯೂಡೊಮೊನಾಸ್ ಕುಲದ ಕೆಲವು ಬಗೆಗಳು ಮಾಡುವ ಟ್ಯಾಬ್‌ಟಾಕ್ಸಿನ್, ಗಿಡ ಸಾರಜನಕವನ್ನು ಬಳಸಿಕೊಳ್ಳಲು ಬೇಕಾದ ಗ್ಲುಟಮೈನ್ ಸಿಂಥೆಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಫೇಸಿಯೊಲೊಟಾಕ್ಸಿನ್ ಅರ್ಜಿನೈನ್ ಎಂಬ ಅಮೈನೊ ಆಮ್ಲದ ತಯಾರಿಕೆಗೆ ಅಡ್ಡಿಯಾಗುತ್ತದೆ. ಕೊರೊನಟೈನ್ ಗಿಡದ ಸ್ವಂತ ಹಾರ್ಮೋನಿನ ವೇಷ ಹಾಕಿ, ಮುಚ್ಚಿದ ಪತ್ರರಂಧ್ರಗಳು ಮತ್ತೆ ತೆರೆಯುವಂತೆ ಮಾಡುತ್ತದೆ. ಆದರೆ ಇವುಗಳ ಸಾಮಾನ್ಯ ಗುರುತು ಎಲೆ ಹಳದಿಯಾಗುವುದು ಅಥವಾ ಚುಕ್ಕೆಯ ಸುತ್ತ ಹಳದಿ ಉಂಗುರ ಮೂಡುವುದೇ ಹೊರತು ಇಡೀ ಗಿಡ ಜೋತುಬೀಳುವುದಲ್ಲ. ಆದ್ದರಿಂದ ನಿಮ್ಮ ಗಿಡದ ಎಲೆಗಳ ಮೇಲೆ ಉಂಗುರವಿರುವ ಚುಕ್ಕೆಗಳಷ್ಟೇ ಇದ್ದು ಗಿಡ ನೆಟ್ಟಗಿದ್ದರೆ, ಈ ಬರಹದಲ್ಲಿ ಹೇಳುವ ಪರೀಕ್ಷೆಗಳು ನಿಮಗೆ ಬೇಕಾಗಿಲ್ಲ.

ಬಾಡಿಸುವ ನಂಜು ಬೇರೆಯೇ ಜಾತಿಯದು. ಅದು ಒಂದು ಅಂಟು. ಈ ರೋಗದ ಅತ್ಯಂತ ಪ್ರಸಿದ್ಧ ಕಾರಣಕರ್ತ ರಾಲ್ಸ್ಟೋನಿಯಾ ಸೋಲನೇಸಿಯಾರಮ್. ಅಮೆರಿಕದ ಸಸ್ಯರೋಗ ತಜ್ಞ ಎರ್ವಿನ್ ಸ್ಮಿತ್ 1896ರಲ್ಲಿ ಇದನ್ನು ಮೊದಲು ವಿವರಿಸಿದರು. ಆಮೇಲೆ ಹಲವು ಕುಲಗಳನ್ನು ಸುತ್ತಿ ಈಗಿನ ಹೆಸರಿಗೆ ಬಂದದ್ದು 1990ರ ದಶಕದಲ್ಲಿ. 50ಕ್ಕೂ ಹೆಚ್ಚು ಕುಟುಂಬಗಳ 200ಕ್ಕೂ ಮಿಕ್ಕಿದ ಸಸ್ಯಗಳಿಗೆ ಇದು ಮತ್ತು ಇದರ ಹತ್ತಿರದ ಬಂಧುಗಳು ತಗಲುತ್ತವೆ. ಬೇರಿನ ಗಾಯದಿಂದಲೋ, ಕವಲುಬೇರು ಹೊರಡುವಾಗ ಆಗುವ ಸಹಜ ಬಿರುಕಿನಿಂದಲೋ ಒಳಹೊಕ್ಕು, ನೀರನ್ನು ಮೇಲಕ್ಕೆ ಸಾಗಿಸುವ ಕ್ಸೈಲಂ ನಾಳಗಳನ್ನು ಸೇರಿ, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಸಂಖ್ಯೆ ಕಡಿಮೆ ಇರುವವರೆಗೆ ಅದು ಹೆಚ್ಚು ಸದ್ದು ಮಾಡುವುದಿಲ್ಲ. ದುಂಡಾಣುಗಳು ತಾವೇ ಸ್ರವಿಸುವ ಸಂಕೇತ ರಾಸಾಯನಿಕದ ದಟ್ಟಣೆಯಿಂದ ತಮ್ಮ ಗುಂಪಿನ ಗಾತ್ರವನ್ನು ಅಳೆಯುತ್ತವೆ. ಪ್ರತಿ ಮಿಲಿಲೀಟರಿಗೆ ಸುಮಾರು ಒಂದು ಕೋಟಿ ಕೋಶಗಳ ಮಟ್ಟ ಮುಟ್ಟಿದಾಗ ಅಂಟಿನ ತಯಾರಿಕೆ ಭರದಿಂದ ಶುರುವಾಗುತ್ತದೆ. ಈ ಅಂಟು ಸಕ್ಕರೆಯ ಘಟಕಗಳು ಉದ್ದಕ್ಕೆ ಪೋಣಿಸಿಕೊಂಡ ಭಾರಿ ಅಣು. ನಾಳದಿಂದ ನಾಳಕ್ಕೆ ನೀರು ದಾಟುವ ಜಾಗದಲ್ಲಿರುವ ತೆಳುಪೊರೆಯ ಸೂಕ್ಷ್ಮ ರಂಧ್ರಗಳಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ನೀರು ಮುಂದಕ್ಕೆ ಹೋಗುವುದಿಲ್ಲ. ಅಂಟು ಮಾಡುವ ಶಕ್ತಿಯನ್ನು ಕಳೆದುಕೊಂಡ ರೂಪಾಂತರಿ ದುಂಡಾಣುಗಳನ್ನು ಕಾಂಡಕ್ಕೆ ಚುಚ್ಚಿದರೆ ಗಿಡ ಬಾಡುವುದೇ ಇಲ್ಲ, ಇಲ್ಲವೇ ಬಹಳ ನಿಧಾನವಾಗಿ ಬಾಡುತ್ತದೆ. ರೋಗಕ್ಕೆ ಅಂಟು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಅಂಟಿನ ಮೇಲೆ ಹೊರಿಸುವಂತಿಲ್ಲ. ಕೋಶಭಿತ್ತಿಯನ್ನು ಕರಗಿಸುವ ಪೆಕ್ಟಿನೇಸ್, ಸೆಲ್ಯುಲೇಸ್ ಕಿಣ್ವಗಳೂ ಜೊತೆಗಿರುತ್ತವೆ, ಅವು ಒಡೆದು ಹಾಕಿದ ಚೂರುಗಳೂ ನಾಳದಲ್ಲಿ ತೇಲುತ್ತವೆ. ಗಿಡ ತಾನೇ ರಕ್ಷಣೆಗಾಗಿ ನಾಳದೊಳಕ್ಕೆ ಉಬ್ಬಿಸುವ ಬುಗ್ಗೆಗಳೂ ಸುರಿಸುವ ಗೋಂದೂ ದಾರಿಯನ್ನು ಇನ್ನಷ್ಟು ಕಟ್ಟುತ್ತವೆ. ಕುತೂಹಲದ ಸಂಗತಿಯೊಂದಿದೆ: ರೋಗವನ್ನು ತಡೆದುಕೊಳ್ಳುವ ಹವಾಯಿ 7996 ಎಂಬ ಟೊಮೆಟೊ ತಳಿ ಇದೇ ಅಂಟನ್ನು ಗುರುತು ಹಿಡಿದು ತನ್ನ ರಕ್ಷಣೆಯನ್ನು ಚುರುಕುಗೊಳಿಸುತ್ತದೆ. ಒಂದು ಗಿಡಕ್ಕೆ ಕಂಟಕವಾದದ್ದೇ ಇನ್ನೊಂದಕ್ಕೆ ಎಚ್ಚರಿಕೆಯ ಗಂಟೆ.

ದೋಷವನ್ನು ಹುಡುಕುವವರಿಗೆ ಇದರಿಂದ ಆಗುವ ಉಪಯೋಗವೆಂದರೆ, ನಾವು ಹುಡುಕಬೇಕಾದದ್ದು ಕಣ್ಣಿಗೆ ಕಾಣದ ವಿಷವನ್ನಲ್ಲ, ಕಣ್ಣಿಗೆ ಕಾಣುವ ಅಂಟನ್ನು ಮತ್ತು ಕಟ್ಟಿಕೊಂಡ ಕೊಳವೆಯನ್ನು.

ಮುಟ್ಟುವ ಮೊದಲು ನೋಡಬೇಕಾದದ್ದು

ಬಾಡಿದ ಗಿಡವನ್ನು ಕಿತ್ತುಬಿಟ್ಟರೆ ಅರ್ಧದಷ್ಟು ಸಾಕ್ಷ್ಯ ಹೋದಂತೆ. ಮೊದಲು ಬುಡದಿಂದ ಒಂದು ಗೇಣು ಆಳದವರೆಗೆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಒಣಗಿದ್ದರೆ ನೀರು ಕೊಟ್ಟು ಒಂದು ದಿನ ಕಾಯುವುದರಲ್ಲಿ ನಷ್ಟವಿಲ್ಲ. ಕೆಸರಾಗಿ ಹಳಸಲು ವಾಸನೆ ಬರುತ್ತಿದ್ದರೆ ಬೇರಿಗೆ ಗಾಳಿ ಸಿಗದೆ ಉಸಿರುಗಟ್ಟಿರುವ ಸಾಧ್ಯತೆ ಹೆಚ್ಚು. ನೀರು ತುಂಬಿ ನಿಂತ ಮಣ್ಣಿನಲ್ಲೂ ಗಿಡ ಬಾಯಾರಿದಂತೆ ಬಾಡುತ್ತದೆ, ಅದನ್ನು ಕಂಡು ಮತ್ತಷ್ಟು ನೀರು ಹಾಯಿಸುವ ತಪ್ಪು ತೀರ ಸಾಮಾನ್ಯ. ಇತ್ತೀಚೆಗೆ ಗೊಬ್ಬರ ಹೆಚ್ಚು ಹಾಕಿದ್ದರೆ ಅಥವಾ ಅಕ್ಕಪಕ್ಕದಲ್ಲಿ ಕಳೆನಾಶಕ ಸಿಂಪಡಿಸಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ಬಳಿಕ ಯಾವ ಎಲೆ ಮೊದಲು ಬಾಡಿತು ಎಂಬುದನ್ನು ಗಮನಿಸಿ. ರಾಲ್ಸ್ಟೋನಿಯಾ ತಗಲಿದ ಟೊಮೆಟೊದಲ್ಲಿ ಸಾಮಾನ್ಯವಾಗಿ ತುದಿಯ ಎಳೆ ಎಲೆಗಳು ಮೊದಲು ಸೋಲುತ್ತವೆ, ಬಣ್ಣ ಹಸಿರಾಗಿಯೇ ಉಳಿದಿರುತ್ತದೆ, ಕೆಲವೇ ದಿನಗಳಲ್ಲಿ ಇಡೀ ಗಿಡ ಕುಸಿಯುತ್ತದೆ. ಕಾಂಡದ ಕೆಳಭಾಗದಲ್ಲಿ ಸಣ್ಣ ಮುಳ್ಳಿನಂತೆ ಹೊಸ ಬೇರುಮೊಗ್ಗುಗಳು ಎದ್ದಿರುವುದೂ ಉಂಟು. ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗದಲ್ಲಿ ಹೀಗಲ್ಲ. ಅಲ್ಲಿ ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ, ಎಷ್ಟೋ ಸಲ ಗಿಡದ ಒಂದೇ ಮಗ್ಗುಲಿನಲ್ಲಿ, ಮತ್ತು ರೋಗ ವಾರಗಟ್ಟಲೆ ಎಳೆಯುತ್ತದೆ. ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರ ತಂಪು ಹವೆಯನ್ನು ಇಷ್ಟಪಡುತ್ತದೆ. ರಾಲ್ಸ್ಟೋನಿಯಾಕ್ಕೆ ಹೆಚ್ಚಾಗಿ 25ರಿಂದ 35 ಡಿಗ್ರಿ ಸೆಲ್ಸಿಯಸ್‌ನ ಬಿಸಿಯೂ ಮಣ್ಣಿನ ತೇವವೂ ಬೇಕು, ಆದರೂ ಆಲೂಗಡ್ಡೆಗೆ ತಗಲುವ ಒಂದು ಗುಂಪು ತಂಪನ್ನು ಸಹಿಸಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಶುಂಠಿಯಲ್ಲಿ ‘ಹಸಿರಾಗಿಯೇ ಬಾಡುತ್ತದೆ’ ಎಂಬ ಗುರುತನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಎಲೆ ಸುರುಳಿ ಸುತ್ತಿಕೊಂಡು ಬೇಗ ಹಳದಿಯಾಗುತ್ತದೆ.

ಬುಡವನ್ನೂ ಬಗ್ಗಿ ನೋಡಬೇಕು. ಬಿಳಿ ನೂಲಿನಂಥ ಬೂಷ್ಟು ಮತ್ತು ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರದ ಕೆಲಸ. ಕಾಂಡದಲ್ಲಿ ತೂತು, ತೂತಿನ ಬಾಯಲ್ಲಿ ಹಿಕ್ಕೆಯ ಪುಡಿ ಇದ್ದರೆ ಕಾಂಡ ಕೊರೆಯುವ ಹುಳು. ಇವೆರಡರಲ್ಲಿ ಒಂದು ಕಂಡರೂ ಮುಂದಿನ ಪರೀಕ್ಷೆಯ ಅಗತ್ಯ ಬಹುತೇಕ ಬೀಳುವುದಿಲ್ಲ.

ಗಾಜಿನ ಲೋಟದ ಪರೀಕ್ಷೆ

ಇಡೀ ತಪಾಸಣೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಇನ್ನೊಂದು ಪರೀಕ್ಷೆಯನ್ನು ನಾನು ಕಂಡಿಲ್ಲ. ಬಾಡಲು ಶುರುವಾಗಿ ಇನ್ನೂ ಹಸಿಯಾಗಿರುವ ಗಿಡವನ್ನು ಆರಿಸಿಕೊಳ್ಳಿ. ಬುಡದಿಂದ ಸ್ವಲ್ಪ ಮೇಲೆ, ಚೂಪಾದ ಶುಚಿಯಾದ ಬ್ಲೇಡಿನಿಂದ ಸುಮಾರು ಐದು ಸೆಂಟಿಮೀಟರ್ ಉದ್ದದ ಕಾಂಡದ ತುಂಡನ್ನು ಕತ್ತರಿಸಿ. ಪಾರದರ್ಶಕ ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಅದು ಅಲುಗಾಡದೆ ನಿಂತ ಮೇಲೆ, ತುಂಡಿನ ಕೆಳಬದಿಯ ಕೊಯ್ಲು ನೀರಿನ ಮೇಲ್ಮೈಯ ಕೆಳಗೆ ಕೊಂಚವಷ್ಟೇ ಮುಳುಗುವಂತೆ ತಂತಿಯಿಂದಲೋ ಕ್ಲಿಪ್ಪಿನಿಂದಲೋ ತೂಗುಬಿಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಅಥವಾ ಕಾಗದ ಹಿಡಿದು ನೋಡಿ. ದುಂಡಾಣು ಸೊರಗು ರೋಗವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕೊಯ್ಲಿನಿಂದ ಹಾಲಿನ ಬಣ್ಣದ ಎಳೆಗಳು ನೇರವಾಗಿ ಕೆಳಕ್ಕೆ ಇಳಿಯತೊಡಗುತ್ತವೆ. ಅಂಟು ಮತ್ತು ಅದರಲ್ಲಿ ತುಂಬಿಕೊಂಡ ಕೋಟಿ ಕೋಟಿ ದುಂಡಾಣುಗಳು ಸೇರಿ ಆದ ಎಳೆ ಅದು.

ಪಕ್ಕದಲ್ಲೇ ಇನ್ನೊಂದು ಲೋಟದಲ್ಲಿ ಅದೇ ಬೆಳೆಯ ಆರೋಗ್ಯವಂತ ಗಿಡದ ತುಂಡನ್ನೂ ತೂಗುಬಿಡುವುದನ್ನು ತಪ್ಪಿಸಬಾರದು. ಹಾಲು ಒಸರುವ ಸಸ್ಯಗಳಲ್ಲಿ ಆರೋಗ್ಯವಂತ ಕಾಂಡವೂ ನೀರನ್ನು ಬೆಳ್ಳಗೆ ಮಾಡುತ್ತದೆ. ಮೊಂಡು ಚಾಕುವಿನಿಂದ ಜಜ್ಜಿದ ಕಾಂಡದಿಂದ ಹಸಿರು ರಸ ಹರಡಿ ನೀರು ಮಸುಕಾಗುತ್ತದೆ, ಆದರೆ ಅದು ಮೋಡದಂತೆ ಚದುರುತ್ತದೆಯೇ ಹೊರತು ದಾರದಂತೆ ಇಳಿಯುವುದಿಲ್ಲ. ಒಮ್ಮೆ ನಾನು ಲೋಟವನ್ನು ಮೇಜಿನ ಮೇಲಿಟ್ಟು ಅಲ್ಲಿಯೇ ಗೆಡ್ಡೆ ಕತ್ತರಿಸಲು ಕೂತಿದ್ದೆ. ಮೇಜು ಅಲುಗಿದ್ದರಿಂದ ಎಳೆಗಳೆಲ್ಲ ಕದಡಿಹೋಗಿ, ಕಾಲು ಗಂಟೆಯ ನಂತರ ನೋಡಿದಾಗ ಎರಡೂ ಲೋಟಗಳು ಒಂದೇ ರೀತಿ ಕಾಣುತ್ತಿದ್ದವು. ಲೋಟವನ್ನು ಮುಟ್ಟದ ಕಡೆ ಇಡಿ, ಮೊದಲ ಹತ್ತು ನಿಮಿಷ ಕಣ್ಣು ತೆಗೆಯಬೇಡಿ.

ಎಳೆ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಸೋಂಕು ಈಗಷ್ಟೇ ಹತ್ತಿದ್ದರೆ ಅಂಟು ಸಾಕಷ್ಟು ಕೂಡಿರುವುದಿಲ್ಲ; ಗಿಡ ಸತ್ತು ಒಣಗಿದ್ದರೆ ಅಂಟು ಗಟ್ಟಿಯಾಗಿ ಹೊರಗೆ ಬರುವುದಿಲ್ಲ; ತುದಿಯ ಎಳೆ ಕೊಂಬೆಯಿಂದ ತುಂಡು ತೆಗೆದಿದ್ದರೆ ದುಂಡಾಣು ಅಲ್ಲಿಯವರೆಗೆ ತಲುಪಿರದೇ ಇರಬಹುದು. ಹೀಗಾದಾಗ ಬೇರೆ ಬೇರೆ ಹಂತದ ಮೂರು ನಾಲ್ಕು ಗಿಡಗಳಿಂದ ಬುಡದ ತುಂಡುಗಳನ್ನು ತೆಗೆದು ಮತ್ತೆ ನೋಡಬೇಕು. ಆಲೂಗಡ್ಡೆಯಲ್ಲಾದರೆ ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದು ಹಿಸುಕಿದಾಗ ಸಿಪ್ಪೆಯ ಒಳಗಿನ ಉಂಗುರದಲ್ಲಿ ಬೂದುಬಿಳಿ ಹನಿಗಳು ಮೂಡುತ್ತವೆ, ಕಣ್ಣುಗಳಿಂದ ಒಸರಿದ ಅಂಟಿಗೆ ಮಣ್ಣು ಮೆತ್ತಿಕೊಂಡಿರುತ್ತದೆ.

ಕೊಳವೆ ಎಲ್ಲಿ ಕಟ್ಟಿದೆ

ಲೋಟದ ಪರೀಕ್ಷೆ ಅನಿಶ್ಚಿತವಾಗಿ ಉಳಿದರೆ ಅಡ್ಡಿ ಇರುವ ಜಾಗವನ್ನು ಪತ್ತೆ ಮಾಡುವುದು ಮುಂದಿನ ಹೆಜ್ಜೆ. ಬಾಡಿದ ಕೊಂಬೆಯೊಂದನ್ನು ಕತ್ತರಿಸಿ, ಕೊಯ್ದ ತುದಿಯನ್ನು ಬಕೆಟ್ಟಿನ ನೀರಿನೊಳಗೇ ಇಟ್ಟು ಇನ್ನೊಂದು ಅಂಗುಲ ಕತ್ತರಿಸಿ, ಕೊಯ್ಲು ನೀರಿನಿಂದ ಹೊರಬಾರದಂತೆ ನೆರಳಿನಲ್ಲಿಡಿ. ಎರಡನೆಯ ಸಲ ನೀರಿನೊಳಗೆ ಕತ್ತರಿಸುವುದು ಏಕೆಂದರೆ, ಗಾಳಿಯಲ್ಲಿ ಕತ್ತರಿಸಿದ ನಾಳಕ್ಕೆ ಗಾಳಿಯ ಗುಳ್ಳೆ ನುಗ್ಗಿ ಅದೇ ಒಂದು ಅಡ್ಡಿಯಾಗುತ್ತದೆ. ಕೆಲವು ಗಂಟೆಗಳಲ್ಲಿ ಎಲೆಗಳು ಎದ್ದರೆ ಆ ಕೊಂಬೆಯ ನಾಳಗಳು ಸರಿಯಾಗಿವೆ, ದೋಷವಿರುವುದು ಅದರ ಕೆಳಗೆ ಎಂದರ್ಥ. ಆಗ ಬೇರನ್ನು ತೊಳೆದು ನೋಡಿ: ಕಂದಾಗಿ ಕೊಳೆತು ಸಿಪ್ಪೆ ಕಳಚುವ ಬೇರು ಬೇರುಕೊಳೆಯನ್ನು ಸೂಚಿಸುತ್ತದೆ, ಗಂಟುಗಂಟಾದ ಬೇರು ಜಂತುಹುಳುವನ್ನು ಸೂಚಿಸುತ್ತದೆ. ಜಂತುಹುಳು ಮಾಡಿದ ಗಾಯವೇ ದುಂಡಾಣುವಿಗೆ ಬಾಗಿಲಾಗುವುದರಿಂದ ಎರಡೂ ಒಟ್ಟಿಗೆ ಇರುವ ಸಾಧ್ಯತೆಯನ್ನು ಬಿಡಬಾರದು. ಕೊಂಬೆ ಏಳದೇ ಹೋದರೆ ಅಡ್ಡಿ ಕೊಂಬೆಯೊಳಗೇ ಇದೆ. ರೋಗದ ಮೊದಲ ದಿನಗಳಲ್ಲಿ ದುಂಡಾಣು ತಗಲಿದ ಗಿಡದ ಮೇಲಿನ ಕೊಂಬೆಯೂ ಏಳಬಹುದು. ಆದ್ದರಿಂದ ಬೇರು ಶುದ್ಧವಾಗಿದ್ದೂ ಕೊಂಬೆ ಎದ್ದರೆ ಎರಡು ದಿನ ಬಿಟ್ಟು ಲೋಟದ ಪರೀಕ್ಷೆಯನ್ನು ಮರಳಿ ಮಾಡಿ.

ನಂಜು ಇದೆಯೇ ಎಂದು ತಿಳಿಯಲು ರೋಗದ ಗಿಡದ ರಸವನ್ನು ಸೋಸಿ, ಅದರಲ್ಲಿ ಆರೋಗ್ಯವಂತ ಕೊಂಬೆಯನ್ನು ನಿಲ್ಲಿಸಿ ಬಾಡುತ್ತದೆಯೇ ಎಂದು ನೋಡುವ ಹಳೆಯ ವಿಧಾನವೊಂದಿದೆ. ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಗಾತ್ರದಲ್ಲಿ ದೊಡ್ಡದಾದ ಯಾವುದೇ ಅಣು, ಸಕ್ಕರೆಯ ಘಟಕಗಳಿಂದಾದ, ವಿಷವೇ ಅಲ್ಲದ ಡೆಕ್ಸ್‌ಟ್ರಾನ್ ಕೂಡ, ಅತ್ಯಲ್ಪ ಪ್ರಮಾಣದಲ್ಲೇ ನಾಳದ ಪೊರೆಯನ್ನು ಕಟ್ಟಿ ಕೊಂಬೆಯನ್ನು ಬಾಡಿಸಬಲ್ಲದು. ಕತ್ತರಿಸಿದ ಕೊಂಬೆ ಬಾಡಿತು ಎಂಬುದರಿಂದ ನಿರ್ದಿಷ್ಟ ನಂಜು ಇದೆಯೆಂದು ಸಾಬೀತಾಗುವುದಿಲ್ಲ. ಈ ವಿಧಾನವನ್ನು ನಂಬಿಕೊಂಡು ಸಂಶೋಧಕರೂ ಬಹುಕಾಲ ವಾದಿಸಿದ್ದಾರೆ.

ಒಳಗಿನ ಬಣ್ಣ

ಕಾಂಡವನ್ನು ಉದ್ದಕ್ಕೆ ಸೀಳಿದಾಗ ಕಾಣುವ ಕಂದು ಗೆರೆಗೆ ಅನೇಕರು ಅತಿಯಾದ ಬೆಲೆ ಕೊಡುತ್ತಾರೆ. ನಾಳ ಕಂದಾಗುವುದು ದುಂಡಾಣುವಿನಿಂದಲೂ ಆಗುತ್ತದೆ, ಫ್ಯುಸೇರಿಯಂ, ವರ್ಟಿಸಿಲಿಯಂ ಶಿಲೀಂಧ್ರಗಳಿಂದಲೂ ಆಗುತ್ತದೆ. ಕಾಂಡದ ನಡುವಿನ ತಿರುಳು ನೀರು ಹೀರಿದಂತೆ ಮಬ್ಬಾಗಿ, ಒತ್ತಿದರೆ ಲೋಳೆ ಬರುವುದಾದರೆ ಮಾತ್ರ ತಕ್ಕಡಿ ದುಂಡಾಣುವಿನ ಕಡೆಗೆ ವಾಲುತ್ತದೆ. ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬೇಡಿ.

ಲೋಟದ ಪರೀಕ್ಷೆಗೆ ಸರಿಯಾಗಿ ಸಿಗದ ದುಂಡಾಣುಗಳು

ಟೊಮೆಟೊದ ಕ್ಲ್ಯಾವಿಬ್ಯಾಕ್ಟರ್ ಮಿಷಿಗನೆನ್ಸಿಸ್ ಇವುಗಳಲ್ಲಿ ಮುಖ್ಯವಾದದ್ದು. ಒಂದೇ ಎಲೆಯ ಒಂದು ಬದಿಯ ಕಿರುಎಲೆಗಳು ಬಾಡಿ ಇನ್ನೊಂದು ಬದಿ ಚೆನ್ನಾಗಿರುವುದು, ಎಲೆಯಂಚು ಸುಟ್ಟಂತೆ ಕಂದಾಗುವುದು, ಕಾಯಿಯ ಮೇಲೆ ಬಿಳಿ ಸುತ್ತುಗಟ್ಟಿರುವ, ಹಕ್ಕಿಯ ಕಣ್ಣಿನಂಥ ಚುಕ್ಕೆ ಮೂಡುವುದು ಇದರ ಗುರುತುಗಳು. ಲೋಟದ ಪರೀಕ್ಷೆಯಲ್ಲಿ ಇದು ಕೊಡುವ ಉತ್ತರ ಅಷ್ಟಕ್ಕಷ್ಟೇ. ಇದರ ರೋಗಕಾರಕ ಶಕ್ತಿಯ ದೊಡ್ಡ ಪಾಲು, ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ ಉಂಗುರಗಳಾದ ಎರಡು ಪ್ಲಾಸ್ಮಿಡ್‌ಗಳಲ್ಲಿದೆ: ಒಂದರಲ್ಲಿ ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವದ ವಂಶವಾಹಿ, ಇನ್ನೊಂದರಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವದ ಬಗೆಯ ವಂಶವಾಹಿ. ಎರಡೂ ಪ್ಲಾಸ್ಮಿಡ್‌ಗಳನ್ನು ಕಳೆದುಕೊಂಡ ದುಂಡಾಣು ಅದೇ ಗಿಡದೊಳಗೆ ಹೆಚ್ಚೂ ಕಡಿಮೆ ನಿರುಪದ್ರವಿಯಾಗಿ ಬದುಕಿರುತ್ತದೆ. ಹೀಗಾಗಿ ದುಂಡಾಣು ಇದೆ ಎಂಬುದೂ ಅದೇ ಬಾಡಿಸಿತು ಎಂಬುದೂ ಯಾವಾಗಲೂ ಒಂದೇ ಮಾತಲ್ಲ.

ಸೌತೆ, ಕರಬೂಜದ ಬಳ್ಳಿಗಳಿಗೆ ಜೀರುಂಡೆಗಳು ತಂದು ಹಚ್ಚುವ ಎರ್ವಿನಿಯಾ ಟ್ರಾಕಿಫಿಲಾಕ್ಕೆ ಬೇರೆ ಉಪಾಯವಿದೆ. ಬಳ್ಳಿಯನ್ನು ಕತ್ತರಿಸಿ, ಎರಡು ಕೊಯ್ಲುಗಳನ್ನು ಒಂದಕ್ಕೊಂದು ಒತ್ತಿ, ಮೆಲ್ಲನೆ ಬೇರೆಯಾಗಿ ಎಳೆದರೆ ನಡುವೆ ಜೇಡರ ನೂಲಿನಂಥ ಅಂಟಿನ ದಾರ ಹಿಗ್ಗುತ್ತದೆ. ಬಾಳೆಯ ಝ್ಯಾಂಥೊಮೊನಾಸ್ ಸೊರಗಿನಲ್ಲಿ ಕತ್ತರಿಸಿದ ಕಾಂಡದಿಂದ ಸ್ವಲ್ಪ ಹೊತ್ತಿನಲ್ಲಿ ಹಳದಿ ಒಸರು ಬರುತ್ತದೆ. ಝೈಲೆಲ್ಲಾ ಫಾಸ್ಟಿಡಿಯೋಸಾ ಕೂಡ ಇದೇ ನಾಳಗಳಲ್ಲಿ ವಾಸಿಸುತ್ತದೆ, ಆದರೆ ಅದರ ಗುರುತು ಎಲೆಯಂಚು ಸುಡುವುದು ಮತ್ತು ಮರ ನಿಧಾನವಾಗಿ ಕ್ಷೀಣಿಸುವುದು. ಅದಕ್ಕೆ ಲೋಟದಿಂದ ಏನೂ ತಿಳಿಯದು, ಪ್ರಯೋಗಾಲಯವೇ ಬೇಕು.

ಪ್ರಯೋಗಾಲಯಕ್ಕೆ ಕಳಿಸುವಾಗ

ಹೊಲದಲ್ಲೇ ಬಳಸಬಹುದಾದ ಪರೀಕ್ಷಾ ಪಟ್ಟಿಗಳು ಕೆಲವು ನಿಮಿಷಗಳಲ್ಲಿ ಗೆರೆ ತೋರಿಸುತ್ತವೆ. ಅವು ಸತ್ತ ದುಂಡಾಣುವನ್ನೂ ಬದುಕಿರುವುದನ್ನೂ ಬೇರೆ ಮಾಡಲಾರವು, ಸಂಖ್ಯೆ ಕಡಿಮೆಯಿದ್ದರೆ ಗೆರೆ ಮೂಡುವುದಿಲ್ಲ. ದುಂಡಾಣುವಿನ ಡಿಎನ್‌ಎಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ಇವುಗಳಿಗಿಂತ ಸೂಕ್ಷ್ಮ. ಜೀವಂತ ದುಂಡಾಣುವನ್ನು ನೋಡಬೇಕೆಂದರೆ ಸಸ್ಯರೋಗ ತಜ್ಞ ಆರ್ಥರ್ ಕೆಲ್ಮನ್ 1954ರಲ್ಲಿ ವಿವರಿಸಿದ, ತಟ್ಟೆಯಲ್ಲಿ ದುಂಡಾಣು ಬೆಳೆಸುವ ಟೆಟ್ರಜೋಲಿಯಂ ಮಾಧ್ಯಮ ಇಂದಿಗೂ ಬಳಕೆಯಲ್ಲಿದೆ. ಅದರ ಮೇಲೆ ರೋಗ ಹುಟ್ಟಿಸಬಲ್ಲ ರಾಲ್ಸ್ಟೋನಿಯಾ ಅಂಚು ವಕ್ರವಾದ, ಹರಿದಾಡುವ, ಬಿಳಿಯ ನಡುವೆ ನಸುಗೆಂಪಿನ ಗುಡ್ಡೆಗಳಾಗಿ ಬೆಳೆಯುತ್ತದೆ. ಅಂಟು ಮಾಡುವುದನ್ನು ಬಿಟ್ಟ ರೂಪ ಸಣ್ಣ, ದುಂಡಗಿನ, ಕಡುಗೆಂಪು ಗುಡ್ಡೆಯಾಗಿ ಉಳಿಯುತ್ತದೆ. ಅಂದರೆ ಬಾಡಿಸುವ ಶಕ್ತಿಯನ್ನೇ ಈ ತಟ್ಟೆಯ ಮೇಲೆ ಕಣ್ಣಾರೆ ಕಾಣಬಹುದು.

ಮಾದರಿಯಾಗಿ ಸತ್ತ ಗಿಡವನ್ನು ಕಳಿಸಬೇಡಿ. ಅದರಲ್ಲಿ ಕೊಳೆತವನ್ನು ತಿನ್ನಲು ಬಂದ ಜೀವಿಗಳೇ ತುಂಬಿರುತ್ತವೆ. ಬಾಡಲು ಶುರುವಾದ ಗಿಡದ ಬುಡ ಮತ್ತು ಕಾಂಡವನ್ನು ಕಾಗದದಲ್ಲಿ ಸುತ್ತಿ, ಬೇರನ್ನು ಮಣ್ಣಿನೊಂದಿಗೆ ಬೇರೆ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಸಿಗದಂತೆ ಆದಷ್ಟು ಬೇಗ ತಲುಪಿಸಬೇಕು.

ದೃಢಪಟ್ಟ ನಂತರ

ನಾಳದೊಳಗೆ ಅಂಟು ತುಂಬಿಕೊಂಡ ಗಿಡವನ್ನು ಉಳಿಸುವ ಸಿಂಪಡಣೆ ಯಾವುದೂ ಇಲ್ಲ. ತಾಮ್ರದ ದ್ರಾವಣ ಎಲೆಯ ಮೇಲೆ ನಿಲ್ಲುತ್ತದೆ, ದುಂಡಾಣು ಇರುವುದು ಒಳಗೆ. ಆ ಗಿಡವನ್ನು ಬೇರು ಸಮೇತ ತೆಗೆದು, ಗೊಬ್ಬರದ ಗುಂಡಿಗೆ ಹಾಕದೆ ನಾಶ ಮಾಡಬೇಕು. ಅದರ ಜಾಗದಿಂದ ನೀರು ಹರಿದು ಇತರ ಸಾಲುಗಳಿಗೆ ಹೋಗುತ್ತಿದ್ದರೆ ಆ ಹರಿವನ್ನು ಮೊದಲು ತಡೆಯಬೇಕು, ಏಕೆಂದರೆ ಬೇರಿನಿಂದ ಹೊರಬಿದ್ದ ದುಂಡಾಣು ನೀರಿನೊಂದಿಗೆ ಸಾಗುತ್ತದೆ. ಪರೀಕ್ಷೆಗೆ ಬಳಸಿದ ಬ್ಲೇಡನ್ನು ಪ್ರತಿ ಗಿಡದ ನಂತರ ಶೇಕಡಾ 70ರ ಆಲ್ಕೋಹಾಲಿನಲ್ಲಿ ಒರೆಸಿ. ತಪಾಸಣೆ ಮಾಡಲು ಹೋದವರೇ ರೋಗವನ್ನು ಸಾಲಿನುದ್ದಕ್ಕೂ ಹಂಚಿದ ಉದಾಹರಣೆಗಳು ಬೇಕಾದಷ್ಟಿವೆ. ಲೋಟದ ನೀರನ್ನೂ ಹೊಲದಲ್ಲಿ ಚೆಲ್ಲದೆ ಕುದಿಸಿ ಸುರಿಯಿರಿ.

ದುಂಡಾಣು ಮಣ್ಣಿನಲ್ಲಿ, ಬೆಳೆಯ ಉಳಿಕೆಯಲ್ಲಿ ಮತ್ತು ರೋಗದ ಯಾವ ಚಿಹ್ನೆಯನ್ನೂ ತೋರದ ಕಳೆಗಳ ಬೇರಿನಲ್ಲಿ ಉಳಿದುಕೊಳ್ಳುವುದರಿಂದ, ಅದೇ ಜಾಗದಲ್ಲಿ ಮರುವರ್ಷ ಟೊಮೆಟೊ ತೆಗೆದು ಬದನೆ ನೆಡುವುದು ಬೆಳೆ ಬದಲಾವಣೆ ಎನಿಸುವುದಿಲ್ಲ. ಎರಡೂ ಒಂದೇ ಕುಟುಂಬದವು. ಆಶ್ರಯ ಕೊಡದ ಧಾನ್ಯದ ಬೆಳೆಗೆ ಹೋಗುವುದು, ಇಲ್ಲವೇ ರೋಗ ತಡೆಯುವ ಬೇರುಸಸಿಯ ಮೇಲೆ ಕಸಿ ಮಾಡಿದ ಗಿಡ ನೆಡುವುದು ಮೇಲು. ಕಸಿ ಗಿಡವನ್ನು ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಅದು ಹೂತುಹೋದರೆ ಮೇಲಿನ ಕೊಂಬೆ ತನ್ನದೇ ಬೇರು ಬಿಟ್ಟು ದುಂಡಾಣುವಿಗೆ ದಾರಿ ಮಾಡಿಕೊಡುತ್ತದೆ. ರೋಗ ತಡೆಯುವ ಬೇರುಸಸಿಯ ಗಿಡವೂ ಬಾಡಿತೆಂದು ದೂರು ಬಂದಾಗ ಲೋಟ ತರುವುದಕ್ಕೂ ಮೊದಲು ಬುಡದ ಮಣ್ಣನ್ನು ಸರಿಸಿ ಆ ಗಂಟು ಎಲ್ಲಿದೆ ಎಂದು ನೋಡಿ.